ಅಡಿಗೆಮನೆಯ ಉಪ್ಪುಗಳು

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಮುತ್ತಲಿನ ದಿನಸಿ ಅಂಗಡಿಗಳಲ್ಲಿ ಈಗ ನಾಲ್ಕೈದು ಬಗೆಯ ಉಪ್ಪುಗಳನ್ನು ಕಾಣಬಹುದು. ದಪ್ಪ ಹರಳುಗಳ ಕಲ್ಲುಪ್ಪು ಒಂದು. ಪೊಟ್ಟಣದಲ್ಲಿ ಬರುವ ಬೆಳ್ಳನೆಯ ಪುಡಿ ಉಪ್ಪು ಇನ್ನೊಂದು. ನಸುಗೆಂಪು ಬಣ್ಣದ ಸೈಂಧವ ಲವಣ ಮತ್ತೊಂದು. ಪಾನಿಪುರಿಗೂ ಮಸಾಲೆ ಮಜ್ಜಿಗೆಗೂ ಹಾಕುವ, ಕೊಳೆತ ಮೊಟ್ಟೆಯನ್ನು ನೆನಪಿಗೆ ತರುವ ವಾಸನೆಯ ಕಪ್ಪು ಉಪ್ಪು ಮಗುದೊಂದು. ಈಚೆಗೆ ರಕ್ತದೊತ್ತಡವುಳ್ಳವರಿಗೆಂದು ಸೋಡಿಯಂ ಕಡಿಮೆ ಮಾಡಿದ ಉಪ್ಪೂ ಬಂದಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪೇಟೆಗಳಲ್ಲಿಯೂ ಇದೇ ನೋಟ. ಇವುಗಳ ಬೆಲೆಯಲ್ಲಿರುವ ಅಂತರ ಮಾತ್ರ ಅಲ್ಪವಲ್ಲ. ಸೈಂಧವಕ್ಕೆ ಕಲ್ಲುಪ್ಪಿನ ಹಲವು ಪಟ್ಟು ಬೆಲೆ ಕೊಡಬೇಕು. ಬೆಲೆ ಹೆಚ್ಚಾದಷ್ಟೂ ಗುಣವೂ ಹೆಚ್ಚೆಂದು ನಂಬುವವರು ಬಹಳ. ಕಲ್ಲುಪ್ಪು “ಸಹಜ”, ಪುಡಿ ಉಪ್ಪು “ರಾಸಾಯನಿಕ” ಎಂಬ ಮಾತೂ ಕಿವಿಗೆ ಬೀಳುವುದುಂಟು. ಇವು ನಿಜವಾಗಿಯೂ ಬೇರೆ ಬೇರೆ ವಸ್ತುಗಳೆ, ಅಥವಾ ಒಂದೇ ವಸ್ತುವಿನ ಬೇರೆ ಬೇರೆ ವೇಷಗಳೆ? ಈ ಪ್ರಶ್ನೆಗೆ ಉತ್ತರವನ್ನು ಭೌತವಿಜ್ಞಾನದ ದೃಷ್ಟಿಯಿಂದ ಹುಡುಕಿದರೆ ಹಲವು ಸ್ವಾರಸ್ಯಗಳು ಹೊರಬೀಳುವುವು. ಆರೋಗ್ಯಕ್ಕೆ ಸಂಬಂಧಪಟ್ಟ ಒಂದು ಮುಖ್ಯ ಸಂಗತಿಯೂ ಇದರಲ್ಲಿ ಅಡಗಿದೆ.

ಹರಳಿನ ಒಳಗೆ

ಕಲ್ಲುಪ್ಪಿನ ಒಂದು ಒಳ್ಳೆಯ ಹರಳನ್ನು ಆರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಅದರ ಮುಖಗಳು ಒಂದಕ್ಕೊಂದು ಲಂಬವಾಗಿರುವುದು ಕಾಣುವುದು. ಅದನ್ನು ಮೆಲ್ಲಗೆ ಕುಟ್ಟಿದರೆ ಒಡೆದ ಚೂರುಗಳೂ ಬಹುಮಟ್ಟಿಗೆ ಚೌಕಾಕಾರದವೇ. ಪುಡಿ ಉಪ್ಪಿನ ಒಂದು ಕಣವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅಲ್ಲಿಯೂ ಪಗಡೆಯ ದಾಳದಂಥ ಪುಟ್ಟ ಘನಾಕೃತಿ. ಹೊರಗಿನ ಈ ಆಕಾರ ಒಳಗಿನ ರಚನೆಯ ಪ್ರತಿಬಿಂಬವೆಂಬುದನ್ನು ೧೯೧೩ರಲ್ಲಿ ವಿಲಿಯಂ ಲಾರೆನ್ಸ್ ಬ್ರ್ಯಾಗ್ ಕ್ಷಕಿರಣಗಳ ಸಹಾಯದಿಂದ ತೋರಿಸಿಕೊಟ್ಟನು. ಕ್ಷಕಿರಣಗಳಿಂದ ರಚನೆಯನ್ನು ತಿಳಿದ ಮೊತ್ತಮೊದಲ ಹರಳುಗಳಲ್ಲಿ ಉಪ್ಪೂ ಒಂದು. ಎರಡು ವರ್ಷಗಳ ತರುವಾಯ ಅವನಿಗೂ ಅವನ ತಂದೆಗೂ ಒಟ್ಟಿಗೆ ನೊಬೆಲ್ ಪಾರಿತೋಷಕ ಬಂದಿತು. ಆಗ ಮಗನ ವಯಸ್ಸು ಇಪ್ಪತ್ತೈದು. ಈ ಪತ್ರಿಕೆಯನ್ನು ಓದುವ ಕಾಲೇಜು ವಿದ್ಯಾರ್ಥಿಗಳು ಈ ಸಂಗತಿಯನ್ನು ಗಮನಿಸಬಹುದು.

ಉಪ್ಪಿನ ಹರಳಿನಲ್ಲಿ ಧನವಿದ್ಯುತ್ತುಳ್ಳ ಸೋಡಿಯಂ ಅಯಾನುಗಳೂ ಋಣವಿದ್ಯುತ್ತುಳ್ಳ ಕ್ಲೋರೀನ್ ಅಯಾನುಗಳೂ ಚದುರಂಗದ ಮಣೆಯ ಕಪ್ಪು ಬಿಳಿ ಮನೆಗಳಂತೆ ಒಂದು ಬಿಟ್ಟು ಒಂದು ಜೋಡಿಸಿಕೊಂಡಿವೆ. ಮಣೆ ನೆಲದ ಮೇಲೆ ಮಾತ್ರವಲ್ಲ, ಮೇಲಕ್ಕೂ ಕೆಳಕ್ಕೂ ಹಾಗೆಯೇ ಮುಂದುವರಿದಿದೆ ಎಂದು ಭಾವಿಸಬೇಕು. ಹೀಗೆ ಪ್ರತಿಯೊಂದು ಅಯಾನಿಗೂ ಆರು ನೆರೆಯವರು. ಆರೂ ವಿರುದ್ಧ ಜಾತಿಯ ವಿದ್ಯುತ್ತುಳ್ಳವರು. ನೆರೆಹೊರೆಯ ಎರಡು ಅಯಾನುಗಳ ಅಂತರ ೦.೨೮ ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದದ ಹರಳಿನ ಅಂಚಿನಲ್ಲಿ ಸುಮಾರು ೩೫ ಲಕ್ಷ ಅಯಾನುಗಳು ಸಾಲುಗಟ್ಟಿ ನಿಂತಿರುವುವೆಂದಾಯಿತು. ಕುಟ್ಟಿದಾಗ ಹರಳು ಚೌಕವಾಗಿಯೇ ಏಕೆ ಒಡೆಯಬೇಕು? ಪೆಟ್ಟಿಗೆ ಒಂದು ಪದರ ಒಂದು ಮನೆಯಷ್ಟು ಜಾರಿದರೆ ಧನದ ಎದುರಿಗೆ ಧನವೂ ಋಣದ ಎದುರಿಗೆ ಋಣವೂ ಬಂದು ನಿಲ್ಲುವುವು. ಅದುವರೆಗೆ ಬಿಗಿದಪ್ಪಿಕೊಂಡಿದ್ದ ಪದರಗಳು ಕ್ಷಣದಲ್ಲಿ ಒಂದನ್ನೊಂದು ದೂಡಿಬಿಡುವುವು. ಲೋಹದ ತುಂಡು ಬಡಿದರೆ ಬಾಗುವುದು, ಉಪ್ಪಿನ ಹರಳು ಸಿಡಿಯುವುದು. ಈ ಭೇದದ ಮೂಲ ಇಲ್ಲಿದೆ.

ಕಲ್ಲುಪ್ಪಾಗಲಿ, ಪುಡಿ ಉಪ್ಪಾಗಲಿ, ಹಿಮಾಲಯದ ಹೆಸರು ಹೊತ್ತ ಕೆಂಪು ಉಪ್ಪಾಗಲಿ, ಇವುಗಳ ಬಹುಪಾಲು ಇದೇ ಸೋಡಿಯಂ ಕ್ಲೋರೈಡ್. ತೂಕದಲ್ಲಿ ನೂರಕ್ಕೆ ೩೯ ಪಾಲು ಸೋಡಿಯಂ, ಉಳಿದದ್ದು ಕ್ಲೋರೀನ್. ಆದುದರಿಂದ “ಈ ಉಪ್ಪಿನಲ್ಲಿ ಸೋಡಿಯಂ ಕಡಿಮೆ” ಎಂದು ಸೈಂಧವವನ್ನೋ ಕಲ್ಲುಪ್ಪನ್ನೋ ಹೊಗಳುವುದರಲ್ಲಿ ಹುರುಳಿಲ್ಲ. ಸಮತೂಕದಲ್ಲಿ ಸೋಡಿಯಂ ಹೆಚ್ಚುಕಡಿಮೆ ಸಮವೇ. ಭೇದಗಳಿರುವುದು ಮೂರು ಸಂಗತಿಗಳಲ್ಲಿ: ಹರಳಿನ ಗಾತ್ರ ಮತ್ತು ಆಕಾರ, ಜೊತೆಗೆ ಬಂದ ಕಲಬೆರಕೆಯ ಲವಣಗಳು, ಮತ್ತು ಬೇಕೆಂದೇ ಸೇರಿಸಿದ ಅಯೊಡೀನ್ ಮುಂತಾದುವು.

ಸಾಣಿಕಟ್ಟೆಯಿಂದ ಉಪ್ಪಿನ ಮರಿಗೆಗೆ

ನಮ್ಮ ಜಿಲ್ಲೆಗೆ ಕಡಲಿಲ್ಲ. ಕರ್ನಾಟಕದಲ್ಲಿ ಸಮುದ್ರದ ಉಪ್ಪು ಬೆಳೆಯುವುದನ್ನು ನೋಡಬೇಕಾದರೆ ಉತ್ತರ ಕನ್ನಡದ ಗೋಕರ್ಣದ ಬಳಿಯ ಸಾಣಿಕಟ್ಟೆಗೆ ಹೋಗಬೇಕು. ಅಘನಾಶಿನಿ ನದಿ ಕಡಲನ್ನು ಸೇರುವ ಆ ಪ್ರದೇಶದಲ್ಲಿ ಉಬ್ಬರದ ನೀರನ್ನು ಜೇಡಿಮಣ್ಣಿನ ಅಗಲವಾದ ಗದ್ದೆಗಳಿಗೆ ಹಾಯಿಸಿ ಬಿಸಿಲಿನಲ್ಲಿ ಆವಿ ಮಾಡುವರು. ಮಳೆಗಾಲ ಬಂದರೆ ಕೆಲಸ ನಿಂತಿತು. ಇದೇ ಕರಾವಳಿಯ ಅಂಕೋಲೆಯಲ್ಲಿ ೧೯೩೦ರ ಏಪ್ರಿಲ್ ತಿಂಗಳಲ್ಲಿ ಎಂ. ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದುದನ್ನು ಚರಿತ್ರೆಯ ಪಾಠದಲ್ಲಿ ಓದಿರಬಹುದು. ನಾವು ಆ ಉಪ್ಪು ಹರಳುಗಟ್ಟುವ ಬಗೆಯನ್ನಷ್ಟು ನೋಡೋಣ.

ಒಂದು ಕಿಲೋಗ್ರಾಮ್ ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಮ್ ಲವಣಗಳಿವೆ. ಅದರಲ್ಲಿ ಅಡಿಗೆಯ ಉಪ್ಪು ಸುಮಾರು ೨೭ ಗ್ರಾಮ್. ಉಳಿದವು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಕ್ಲೋರೈಡು ಸಲ್ಫೇಟುಗಳು. ನೀರು ಆವಿಯಾಗುತ್ತಿದ್ದಂತೆ ಇವೆಲ್ಲವೂ ಒಟ್ಟಿಗೆ ಹೊರಬೀಳುವುದಿಲ್ಲ. ಯಾವುದು ನೀರಿನಲ್ಲಿ ಬಹು ಕಷ್ಟದಿಂದ ಕರಗುವುದೋ ಅದು ಮೊದಲು ತಳಕ್ಕಿಳಿಯುವುದು. ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಐದನೆಯ ಒಂದು ಪಾಲಿಗೆ ಇಳಿಯುವ ಹೊತ್ತಿಗೆ ಜಿಪ್ಸಂ. ಹತ್ತನೆಯ ಒಂದು ಪಾಲಿಗೆ ಇಳಿದಾಗ ಅಡಿಗೆಯ ಉಪ್ಪು. ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ನೀರಿನಲ್ಲಿಯೇ ಉಳಿಯುವುವು. ಆ ಕೊನೆಯ ನೀರು ವಿಪರೀತ ಕಹಿ. ಉಪ್ಪನ್ನು ಬಾಚಿಕೊಂಡು ಆ ಕಹಿನೀರನ್ನು ಹೊರಗೆ ಬಿಡುವುದರಲ್ಲಿಯೇ ಉಪ್ಪು ಬೆಳೆಯುವವರ ಜಾಣ್ಮೆ ಇರುವುದು. ತಡವಾದರೆ ಉಪ್ಪಿಗೆ ಕಹಿ ಸೇರುವುದು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ಆಂಶಿಕ ಸ್ಫಟಿಕೀಕರಣವನ್ನು ಇವರು ಪುಸ್ತಕವಿಲ್ಲದೆಯೇ ನಡೆಸಿಕೊಂಡು ಬಂದವರು.

ಬಿಸಿಲಿನಲ್ಲಿ ಆವಿಯಾಗುವ ಕ್ರಿಯೆ ನಿಧಾನವಾದುದು. ನಿಧಾನವಾಗಿ ಬೆಳೆದ ಹರಳು ದೊಡ್ಡದಾಗುವುದು. ಬೆಳೆಯುವಾಗ ತನ್ನೊಳಗೆ ಅಲ್ಲಲ್ಲಿ ಉಪ್ಪುನೀರಿನ ಸಣ್ಣ ಸಣ್ಣ ಹನಿಗಳನ್ನು ಬಂಧಿಸಿಕೊಳ್ಳುವುದೂ ಉಂಟು. ಇದೇ ನಮ್ಮ ಕಲ್ಲುಪ್ಪು. ಪುಡಿ ಉಪ್ಪನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳಲ್ಲಿ ಉಪ್ಪುನೀರನ್ನು ಶುದ್ಧಗೊಳಿಸಿ, ಒತ್ತಡ ಕಡಿಮೆ ಮಾಡಿದ ಮುಚ್ಚಿದ ಪಾತ್ರೆಗಳಲ್ಲಿ ಕಲಕುತ್ತ ಬೇಗ ಕುದಿಸುವರು. ಅಸಂಖ್ಯಾತ ಹರಳುಗಳು ಏಕಕಾಲದಲ್ಲಿ ಹುಟ್ಟುವುದರಿಂದ ಯಾವುದಕ್ಕೂ ದೊಡ್ಡದಾಗಲು ಅವಕಾಶವಿಲ್ಲ. ಇನ್ನು, ಅಲುಗಾಡದ ಉಪ್ಪುನೀರಿನ ಮೇಲ್ಮೈಯಲ್ಲಿ ತೇಲುತ್ತ ಬೆಳೆಯುವ ಹರಳಿನ ಅಂಚುಗಳು ನಡುವಿಗಿಂತ ಬೇಗ ಬೆಳೆದು, ತಲೆಕೆಳಗಾದ ಪೊಳ್ಳು ಗೋಪುರದ ಆಕಾರ ತಾಳುವುವು. ಪಾಶ್ಚಾತ್ಯರು ಸುಟ್ಟ ಮಾಂಸದ ಮೇಲೆ ಉದುರಿಸುವ ಹಕ್ಕಳೆಯಂಥ ತೆಳ್ಳನೆಯ ಉಪ್ಪು ಹುಟ್ಟುವುದು ಹೀಗೆ. ಹೀಗೆ ಹರಳು ಬೆಳೆದ ವೇಗ ಮತ್ತು ಸ್ಥಳಗಳೇ ಉಪ್ಪಿನ ರೂಪವನ್ನು ನಿರ್ಣಯಿಸುವುವು. ಇದರಲ್ಲಿ “ಸಹಜ” “ರಾಸಾಯನಿಕ” ಎಂಬ ಪಂಗಡಗಳಿಗೆ ಎಡೆಯಿಲ್ಲ.

ರೈಲು ಬರುವುದಕ್ಕೆ ಮುಂಚೆ ಕರಾವಳಿಯ ಉಪ್ಪು ಹೇರೆತ್ತುಗಳ ಮೇಲೆ ಘಟ್ಟ ಹತ್ತಿ ಮೇಲಕ್ಕೆ ಬರುತ್ತಿದ್ದಿತು. ಬಯಲುಸೀಮೆಯ ಬಡವರು ಅದನ್ನೇ ನೆಚ್ಚಿಕೊಂಡಿರಲಿಲ್ಲ. ಚೌಳು ನೆಲದ ಮೇಲೆ ಬೇಸಿಗೆಯಲ್ಲಿ ಬೆಳ್ಳಗೆ ಹೂಬಿಡುವ ಮಣ್ಣನ್ನು ಗೋರಿ, ನೀರಿನಲ್ಲಿ ಕಲಸಿ, ಸೋಸಿ, ಒಣಗಿಸಿ ಮಣ್ಣಿನ ಉಪ್ಪನ್ನು ತೆಗೆಯುತ್ತಿದ್ದರು. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಸಬನ್ನು ವರ್ಣಿಸಿದ್ದಾನೆ. ಉಪ್ಪಾರ ಜನಾಂಗದ ಹೆಸರಿನಲ್ಲಿಯೇ ಆ ಕಸಬು ಉಳಿದುಕೊಂಡಿದೆ. ಆಯುರ್ವೇದದ ಪಂಚಲವಣಗಳಲ್ಲಿ ಸೈಂಧವ, ಸಾಮುದ್ರ, ಸೌವರ್ಚಲ, ಬಿಡಗಳೊಡನೆ ಔದ್ಭಿದವೆಂಬುದೊಂದು ಸೇರಿದೆ. ನೆಲದಿಂದ ಉಕ್ಕಿ ಬಂದದ್ದೆಂದು ಆ ಮಾತಿನ ಅರ್ಥ. ಇಂಥ ಮಣ್ಣಿನ ಉಪ್ಪಿನಲ್ಲಿ ಸೋಡಿಯಂ ಸಲ್ಫೇಟ್ ಮುಂತಾದುವು ಬೆರೆತಿರುವುದರಿಂದ ರುಚಿ ಅಷ್ಟಕ್ಕಷ್ಟೆ.

ಕಲಬೆರಕೆಯ ಮಾತು ಬಂದುದರಿಂದ ಆಷಾಢದ ಸಂಗತಿಯೊಂದನ್ನು ಇಲ್ಲಿಯೇ ಹೇಳಬೇಕು. ಸಕಲೇಶಪುರದ ಕಡೆಯ ಮನೆಗಳಲ್ಲಿ ಮಳೆಗಾಲದಲ್ಲಿ ಉಪ್ಪಿನ ಮರಿಗೆಯ ತಳದಲ್ಲಿ ನೀರು ನಿಲ್ಲುವುದು. ಚನ್ನರಾಯಪಟ್ಟಣದ ಬೇಸಿಗೆಯಲ್ಲಿ ಅದೇ ಉಪ್ಪು ಗಲಗಲನೆ ಸದ್ದು ಮಾಡುವುದು. ಶುದ್ಧವಾದ ಸೋಡಿಯಂ ಕ್ಲೋರೈಡ್ ಗಾಳಿಯ ಸಾಪೇಕ್ಷ ಆರ್ದ್ರತೆ ೭೫ಕ್ಕಿಂತ ಹೆಚ್ಚಾದಾಗ ಮಾತ್ರ ಗಾಳಿಯ ತೇವವನ್ನು ಹೀರಿ ಕರಗತೊಡಗುವುದು. ಮೆಗ್ನೀಸಿಯಂ ಕ್ಲೋರೈಡ್ ಹಾಗಲ್ಲ. ೩೩ರಷ್ಟು ಆರ್ದ್ರತೆಯಿದ್ದರೆ ಸಾಕು, ಅದು ನೀರೂರುವುದು. ಅಂದರೆ ಬೇಸಿಗೆಯ ಸಾಧಾರಣ ಗಾಳಿಯಲ್ಲಿಯೂ ಕಲ್ಲುಪ್ಪು ಒದ್ದೆಯಾಗುತ್ತಿದ್ದರೆ ಅದರಲ್ಲಿ ಮೆಗ್ನೀಸಿಯಂ ಹೆಚ್ಚಾಗಿದೆಯೆಂದು ಊಹಿಸಬಹುದು. ಹೀಗೆ ಸೋರಿಹೋದ ನೀರಿನೊಡನೆ ಕಹಿಯೂ ಹೋಗುವುದರಿಂದ, ಒಂದು ಮಳೆಗಾಲ ಕಳೆದ ಉಪ್ಪು ಹೊಸ ಉಪ್ಪಿಗಿಂತ ಶುದ್ಧ. ಉಪ್ಪಿನ ರಾಶಿಯನ್ನು ಕೆಲಕಾಲ ಸೋರಲು ಬಿಡುವ ಪದ್ಧತಿಯ ಅರ್ಥ ಇದು. ಪುಡಿ ಉಪ್ಪಿಗೆ ಗಂಟುಕಟ್ಟದಂತೆ ತಡೆಯುವ ಪದಾರ್ಥವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವರು. ನಮ್ಮ ಹಿರಿಯರು ನಾಲ್ಕು ಅಕ್ಕಿಕಾಳು ಹಾಕಿಡುತ್ತಿದ್ದರು.

ಸೈಂಧವವೆಂದರೆ ಸಿಂಧೂ ದೇಶದ್ದು. ಕೋಟಿಗಟ್ಟಲೆ ವರ್ಷಗಳ ಹಿಂದೆ ಬತ್ತಿಹೋದ ಸಮುದ್ರದ ಉಪ್ಪು ಪದರಗಳು ಇಂದಿನ ಪಾಕಿಸ್ತಾನದ ಖೇವ್ರಾ ಗಣಿಯಲ್ಲಿವೆ. ನಮ್ಮ ದೇಶದಲ್ಲಿ ಹಿಮಾಚಲದ ಮಂಡಿ ಪ್ರಾಂತದಲ್ಲಿಯೂ ಕಲ್ಲಿನಂಥ ಗಣಿ ಉಪ್ಪು ದೊರೆಯುವುದು. ಗುಲಾಬಿ ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್ ಕಾರಣ. ಈ ಉಪ್ಪಿನಲ್ಲಿ ಹತ್ತಾರು ಖನಿಜಗಳಿವೆ ಎಂಬ ಜಾಹೀರಾತು ಸುಳ್ಳಲ್ಲ. ಆದರೆ ಅವುಗಳ ಪ್ರಮಾಣ ಎಷ್ಟು ಅಲ್ಪವೆಂದರೆ, ಅವುಗಳಿಂದ ದೇಹಕ್ಕೆ ಗಣನೀಯ ಪ್ರಯೋಜನವಾಗಬೇಕಾದರೆ ತಿನ್ನಬೇಕಾದ ಉಪ್ಪೇ ಪ್ರಾಣಕ್ಕೆ ಮುಳುವಾದೀತು. ಕಬ್ಬಿಣಕ್ಕೆ ರಾಗಿ ಮುದ್ದೆಯೂ ಸೊಪ್ಪಿನ ಬಸ್ಸಾರೂ ಇರುವ ಸೀಮೆಯಲ್ಲಿ ಕೆಂಪು ಉಪ್ಪಿಗೆ ದುಡ್ಡು ಸುರಿಯುವುದು ಈ ಲೇಖಕನಿಗೆ ವಿಚಿತ್ರವಾಗಿ ತೋರುವುದು. ಕಪ್ಪು ಉಪ್ಪಿನ ಮಾತು ಬೇರೆ. ಅದನ್ನು ಇದ್ದಿಲು ಮತ್ತು ಕೆಲವು ಗಿಡಮೂಲಿಕೆಗಳೊಡನೆ ಕುಲುಮೆಯಲ್ಲಿ ಕಾಯಿಸುವುದರಿಂದ ಸಲ್ಫೇಟುಗಳು ಸಲ್ಫೈಡುಗಳಾಗಿ, ನೀರು ತಾಕಿದಾಗ ಹೈಡ್ರೊಜನ್ ಸಲ್ಫೈಡಿನ ವಾಸನೆ ಏಳುವುದು. ರುಚಿಗಾಗಿ ಅದನ್ನು ಬಳಸುವುದು ಸರಿ; ನಿತ್ಯದ ಉಪ್ಪಿನ ಸ್ಥಾನ ಅದಕ್ಕೆ ಸಲ್ಲದು.

ಚಮಚೆ, ಒಲೆ, ಕೆಂಡ

“ಕಲ್ಲುಪ್ಪು ಹಾಕಿದರೆ ಒಂದು ಹದ, ಪುಡಿ ಉಪ್ಪು ಹಾಕಿದರೆ ಇನ್ನೊಂದು ಹದ” ಎನ್ನುವುದು ಅಡಿಗೆಯವರ ಅನುಭವ. ಇದು ಸರಿಯೆ? ಉಪ್ಪಿನ ಹರಳಿನ ಸಾಂದ್ರತೆ ೨.೧೬. ಆದರೆ ಚಮಚೆಯಲ್ಲಿ ಉಪ್ಪಿನೊಡನೆ ಗಾಳಿಯೂ ತುಂಬಿರುತ್ತದೆ. ಪುಡಿ ಉಪ್ಪಿನಲ್ಲಿ ಚಮಚೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಮಾತ್ರ ಉಪ್ಪು. ಐದು ಮಿಲಿಲೀಟರಿನ ಒಂದು ಚಿಕ್ಕ ಚಮಚೆಗೆ ಸುಮಾರು ೬ ಗ್ರಾಮ್ ಹಿಡಿಯುವುದು. ಇಲ್ಲಿ ಒಂದು ಸೂಕ್ಷ್ಮವುಂಟು. ದೊಡ್ಡ ಕಣಗಳ ನಡುವೆ ದೊಡ್ಡ ಸಂದು, ಆದುದರಿಂದ ಉಪ್ಪು ಕಡಿಮೆ ಎಂದು ಹಲವರು ಥಟ್ಟನೆ ಉತ್ತರಿಸುವರು. ಅದು ತಪ್ಪು. ಸಂದುಗಳು ದೊಡ್ಡವಾದರೂ ಅವುಗಳ ಸಂಖ್ಯೆ ಕಡಿಮೆ. ಒಂದೇ ಆಕಾರದ ಕಣಗಳನ್ನು ವಿಶಾಲವಾದ ಪಾತ್ರೆಯಲ್ಲಿ ತುಂಬಿದರೆ, ಕಣ ಸಾಸಿವೆಯಷ್ಟಿರಲಿ ನೆಲ್ಲಿಕಾಯಿಯಷ್ಟಿರಲಿ, ಗಾಳಿಯ ಪಾಲು ಒಂದೇ. ಚಮಚೆಯಲ್ಲಿ ಕಲ್ಲುಪ್ಪು ಕಡಿಮೆ ಹಿಡಿಯಲು ನಿಜವಾದ ಕಾರಣಗಳು ಬೇರೆ: ಅದರ ಹರಳುಗಳು ಅಡ್ಡಾದಿಡ್ಡಿಯಾಗಿ ಅಂಟಿಕೊಂಡು ಬೆಳೆದವು, ಮತ್ತು ಚಮಚೆ ಹರಳಿನ ಮುಂದೆ ಬಹಳ ಚಿಕ್ಕದಾದುದರಿಂದ ಅದರ ಗೋಡೆಯ ಪಕ್ಕದಲ್ಲಿ ಹೆಚ್ಚು ಜಾಗ ಖಾಲಿ ಬೀಳುವುದು. ಪೊಳ್ಳಾದ ಹಕ್ಕಳೆ ಉಪ್ಪಿನಲ್ಲಂತೂ ಒಂದು ಚಮಚೆಯ ತೂಕ ಪುಡಿ ಉಪ್ಪಿನ ಅರ್ಧದಷ್ಟಕ್ಕೂ ಇಳಿಯಬಹುದು. ಒಂದು ತಕ್ಕಡಿಯೂ ಒಂದು ಲೋಟವೂ ಇದ್ದರೆ ವಿದ್ಯಾರ್ಥಿಗಳು ಇದನ್ನೆಲ್ಲ ಮನೆಯಲ್ಲಿಯೇ ಪರೀಕ್ಷಿಸಬಹುದು: ಲೋಟದಲ್ಲಿಯೂ ಚಮಚೆಯಲ್ಲಿಯೂ ಎರಡು ಬಗೆಯ ಉಪ್ಪನ್ನು ತೂಗಿ ನೋಡಿದರೆ, ಲೋಟದಲ್ಲಿ ಅಂತರ ಕಡಿಮೆಯಾಗುವುದು ಕಾಣುವುದು.

ಉಪ್ಪುಸಾರಿಗೆ ಕರಗಿಸಿದ ಮೇಲೆ ಯಾವ ಉಪ್ಪಾದರೇನು? ಕರಗಿದ ಉಪ್ಪಿಗೆ ತಾನು ಹಿಂದೆ ಯಾವ ಗಾತ್ರದಲ್ಲಿದ್ದೆನೆಂಬ ನೆನಪಿಲ್ಲ. ತೂಕ ಸಮವಾಗಿದ್ದರೆ ರುಚಿಯೂ ಬಹುಮಟ್ಟಿಗೆ ಸಮ. ಗಾತ್ರ ಮುಖ್ಯವಾಗುವುದು ಉಪ್ಪು ಕರಗದೆ ನಾಲಿಗೆಯನ್ನು ಮುಟ್ಟುವ ಕಡೆ. ಮೂರು ಮಿಲಿಮೀಟರ್ ಅಂಚಿನ ಒಂದು ಹರಳಿನ ಹೊರಮೈ ೫೪ ಚದರ ಮಿಲಿಮೀಟರ್. ಅದನ್ನು ೦.೩ ಮಿಲಿಮೀಟರಿನ ಸಾವಿರ ಹರಳುಗಳಾಗಿ ಪುಡಿಮಾಡಿದರೆ ಒಟ್ಟು ಹೊರಮೈ ೫೪೦ ಆಗುವುದು. ಕರಗುವ ಕೆಲಸ ನಡೆಯುವುದು ಹೊರಮೈಯಲ್ಲಿಯೇ ಆದುದರಿಂದ ಪುಡಿ ಬೇಗ ಕರಗಿ ನಾಲಿಗೆಗೆ ತಟ್ಟನೆ ಉಪ್ಪೆನಿಸುವುದು. ಹುರಿದ ಕಡಲೆಕಾಯಿಗೆ, ಸೌತೆಕಾಯಿಯ ಹೋಳಿಗೆ ನುಣ್ಣನೆಯ ಉಪ್ಪನ್ನು ಬಳಸಿದರೆ ಸ್ವಲ್ಪದರಲ್ಲಿಯೇ ತೃಪ್ತಿಯಾಗುವುದು. ಉಪ್ಪು ಕಡಿಮೆ ತಿನ್ನಬೇಕಾದವರಿಗೆ ಇದೊಂದು ಉಪಾಯ.

ಉಪ್ಪು ಹಾಕಿದರೆ ನೀರು ಹೆಚ್ಚು ಬಿಸಿಯಾಗಿ ಬೇಳೆ ಬೇಗ ಬೇಯುವುದೆಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. ಹಾಸನ ಸಮುದ್ರಮಟ್ಟದಿಂದ ಸುಮಾರು ೯೫೦ ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಕಡಿಮೆಯಾದುದರಿಂದ ನೀರು ೧೦೦ ಡಿಗ್ರಿಗೆ ಬದಲಾಗಿ ಸುಮಾರು ೯೭ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವುದು. ಒಂದು ಲೀಟರ್ ಸಾರಿಗೆ ೧೦ ಗ್ರಾಮ್ ಉಪ್ಪು ಹಾಕಿದೆವೆನ್ನಿ. ಕುದಿಬಿಂದು ಏರುವುದು ಡಿಗ್ರಿಯ ಆರನೆಯ ಒಂದು ಭಾಗದಷ್ಟು ಮಾತ್ರ! ಎತ್ತರದಿಂದ ಕಳೆದುಕೊಂಡ ಮೂರು ಡಿಗ್ರಿಯನ್ನು ಉಪ್ಪಿನಿಂದಲೇ ತುಂಬಬೇಕಾದರೆ ಲೀಟರಿಗೆ ಸುಮಾರು ೧೭೦ ಗ್ರಾಮ್ ಬೇಕು. ಆ ಸಾರು ಕಡಲನೀರಿನ ಐದು ಪಟ್ಟು ಉಪ್ಪಾಗಿರುವುದು. ಆ ಕೆಲಸಕ್ಕೆ ಪ್ರೆಶರ್ ಕುಕ್ಕರೇ ಸರಿ. ಕುದಿಯುವ ನೀರಿಗೆ ಉಪ್ಪು ಎಸೆದೊಡನೆ ಭುಸ್ಸೆಂದು ಗುಳ್ಳೆಗಳೇಳುವುದು ಬಿಸಿ ಹೆಚ್ಚಾದುದರಿಂದಲ್ಲ. ಹರಳಿನ ಒರಟು ಮೈ ಗುಳ್ಳೆಗಳು ಹುಟ್ಟಲು ನೆಲೆಯೊದಗಿಸುವುದರಿಂದ. ಬೇಳೆ ಬೇಯದಿರುವುದಕ್ಕೆ ಉಪ್ಪನ್ನು ದೂರುವವರೂ ಇದ್ದಾರೆ. ಅನೇಕ ವೇಳೆ ತಪ್ಪು ಉಪ್ಪಿನದಲ್ಲ, ಕೊಳವೆಬಾವಿಯ ಗಡಸು ನೀರಿನದು. ಆ ನೀರಿನ ಕ್ಯಾಲ್ಸಿಯಂ ಮೆಗ್ನೀಸಿಯಂಗಳು ಕಾಳಿನ ಸಿಪ್ಪೆಯ ಪೆಕ್ಟಿನ್ನನ್ನು ಬಿಗಿಗೊಳಿಸುವುವು. ಕಾಳನ್ನು ನೆನೆಹಾಕುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸೋಡಿಯಂ ಅವುಗಳ ಸ್ಥಾನವನ್ನು ಆಕ್ರಮಿಸಿ ಸಿಪ್ಪೆ ಮೆತ್ತಗಾಗಲು ನೆರವಾಗುವುದು.

ಈಗ ಕೆಂಡದ ಕಡೆಗೆ ಬರೋಣ. ದೃಷ್ಟಿ ತೆಗೆಯುವಾಗ ಉಪ್ಪು ಮೆಣಸಿನಕಾಯಿಗಳನ್ನು ನಿವಾಳಿಸಿ ಒಲೆಗೆ ಹಾಕುವ ವಾಡಿಕೆ ನಮ್ಮಲ್ಲಿದೆ. ಉಪ್ಪು ಚಟಪಟನೆ ಸಿಡಿದಷ್ಟೂ ದೃಷ್ಟಿ ಬಲವಾಗಿತ್ತೆನ್ನುವರು. ಇದಕ್ಕೆ ಕಲ್ಲುಪ್ಪೇ ಬೇಕು. ಪುಡಿ ಉಪ್ಪು ಹಾಕಿದರೆ ಅಂಥ ಸದ್ದಿಲ್ಲ. ಹರಳಿನೊಳಗೆ ಬಂಧಿತವಾದ ಉಪ್ಪುನೀರಿನ ಹನಿಗಳನ್ನು ಹಿಂದೆ ಹೇಳಿದೆವಷ್ಟೆ. ಬಿಸಿಯಾದಾಗ ಆ ನೀರು ಹಿಗ್ಗಿ ಆವಿಯಾಗಲು ಹವಣಿಸುವುದು. ಒತ್ತಡ ತಾಳಲಾರದೆ ಹರಳು ಒಡೆದು ಸಿಡಿಯುವುದು. ಉಪ್ಪಾದರೋ ಕರಗಿ ದ್ರವವಾಗಬೇಕಾದರೆ ೮೦೧ ಡಿಗ್ರಿ ಬೇಕು. ಸಿಡಿದ ಚೂರುಗಳು ಜ್ವಾಲೆಗೆ ಬಿದ್ದಾಗ ಕಾಣುವ ಹೊಳೆಯುವ ಹಳದಿ ಬಣ್ಣ ಸೋಡಿಯಂ ಪರಮಾಣುಗಳದು. ಪ್ರಯೋಗಶಾಲೆಯ ರೋಹಿತಮಾಪಕದಲ್ಲಿ ವಿದ್ಯಾರ್ಥಿಗಳು ಅಳೆಯುವ ೫೮೯.೦ ಮತ್ತು ೫೮೯.೬ ನ್ಯಾನೋಮೀಟರಿನ ಜೋಡಿ ರೇಖೆಗಳು ಅಜ್ಜಿಯ ಒಲೆಯಲ್ಲಿಯೂ ಹೊಳೆಯುತ್ತಿದ್ದುವು.

ಅರಕಲಗೂಡಿನ ಕಡೆ ರಸ್ತೆಯ ಬದಿಯಲ್ಲಿ ಮುಸುಕಿನ ಜೋಳದ ತೆನೆಯನ್ನು ಕೆಂಡದ ಮೇಲೆ ಸುಟ್ಟು ಮಾರುವವರ ಕೈಚಳಕವನ್ನು ನೋಡಿ. ಉಪ್ಪನ್ನು ತೆನೆಯ ಮೇಲೆ ಉದುರಿಸುವುದಿಲ್ಲ. ಅರ್ಧ ಹೋಳು ನಿಂಬೆಹಣ್ಣನ್ನು ಉಪ್ಪು ಖಾರದ ಪುಡಿಯಲ್ಲಿ ಅದ್ದಿ ತೆನೆಗೆ ಉಜ್ಜುವರು. ಸುಟ್ಟ ಕಾಳಿನ ಒಣ ಮೈಗೆ ಉಪ್ಪಿನ ಹರಳು ಅಂಟದು. ನಿಂಬೆಯ ರಸ ಉಪ್ಪನ್ನು ಕರಗಿಸಿಕೊಂಡು ಕಾಳುಗಳ ಸಂದಿಗೆ ಇಳಿಯುವುದು. ಕಾಳಿನ ಬಿಸಿಗೆ ನೀರಿನ ಅಂಶ ಆರಿ ಉಪ್ಪು ತೆಳ್ಳನೆಯ ಲೇಪವಾಗಿ ನಿಲ್ಲುವುದು. ಉಪ್ಪನ್ನು ಸುಡುವುದಕ್ಕೆ ಮುಂಚೆಯೇ ಹಚ್ಚಿದರೆ ನಡೆಯುವುದೇ ಬೇರೆ. ಮೀನಿಗೋ ಕೋಳಿಗೋ ಉಪ್ಪು ಸವರಿದಾಗ ಅಭಿಸರಣೆಯಿಂದ ಒಳಗಿನ ನೀರು ಹೊರಕ್ಕೆ ಬರುವುದು. ಸಮುದ್ರದ ನೀರಿನಷ್ಟು ಉಪ್ಪಾದ ದ್ರಾವಣದ ಅಭಿಸರಣ ಒತ್ತಡವೇ ೨೫ ವಾಯುಭಾರಕ್ಕಿಂತ ಹೆಚ್ಚೆಂದ ಮೇಲೆ ಇದರಲ್ಲಿ ಆಶ್ಚರ್ಯವಿಲ್ಲ. ಮೈ ಒದ್ದೆಯಾಗಿರುವವರೆಗೆ ಅದರ ಉಷ್ಣತೆ ೯೭ ಡಿಗ್ರಿಯನ್ನು ಮೀರದು. ಹುರಿದ ಕಂಪನ್ನೂ ಕೆಂಬಣ್ಣವನ್ನೂ ಕೊಡುವ ಕ್ರಿಯೆಗಳು ಚುರುಕಾಗುವುದು ೧೪೦ ಡಿಗ್ರಿಯ ಸುಮಾರಿಗೆ. ಆದುದರಿಂದ ಉಪ್ಪು ಹಚ್ಚಿ ಹತ್ತು ನಿಮಿಷಕ್ಕೆ ಕೆಂಡದ ಮೇಲಿಡುವುದು ಎಲ್ಲಕ್ಕಿಂತ ಕೆಟ್ಟ ಕ್ರಮ. ಒಂದೋ ಸುಡುವ ಕ್ಷಣದಲ್ಲಿ ಹಚ್ಚಬೇಕು. ಇಲ್ಲವೇ ಮುಕ್ಕಾಲು ಗಂಟೆಗೂ ಮೀರಿ ಬಿಡಬೇಕು. ಅಷ್ಟರಲ್ಲಿ ಹೊರಬಂದ ಉಪ್ಪುನೀರು ಮಾಂಸದ ಪ್ರೋಟೀನುಗಳನ್ನು ಸಡಿಲಗೊಳಿಸಿ ಬಹುಪಾಲು ಮತ್ತೆ ಒಳಸೇರಿರುತ್ತದೆ, ಮೈಯೂ ಆರಿರುತ್ತದೆ. ದಪ್ಪ ತುಂಡುಗಳಿಗೆ ಒರಟು ಉಪ್ಪು ಅನುಕೂಲ, ಏಕೆಂದರೆ ಬೆರಳಿನಲ್ಲಿ ಹಿಡಿದು ಸಮನಾಗಿ ಉದುರಿಸಬಹುದು. ಅದಕ್ಕೆ ಮೀರಿದ ಮಹಿಮೆ ಏನೂ ಇಲ್ಲ.

ಮಿಡಿ ಉಪ್ಪಿನಕಾಯಿಯಲ್ಲಿಯೂ ಇದೇ ಅಭಿಸರಣೆ. ಕಲ್ಲುಪ್ಪಿನ ಪದರದಲ್ಲಿ ಮಿಡಿಗಳು ತಮ್ಮ ನೀರನ್ನು ಬಿಟ್ಟು ಸುಕ್ಕಾಗುವುವು. ಆ ನೀರಿನಲ್ಲಿ ಉಪ್ಪು ಕರಗಿ ಪರ್ಯಾಪ್ತವಾಗುವುದು. ನೂರು ಗ್ರಾಮ್ ನೀರು ೩೬ ಗ್ರಾಮ್ ಉಪ್ಪನ್ನು ಕರಗಿಸಬಲ್ಲುದು. ಅಂಥ ದ್ರಾವಣದಲ್ಲಿ ಬಹುತೇಕ ಸೂಕ್ಷ್ಮಜೀವಿಗಳು ತಮ್ಮ ನೀರನ್ನೇ ಕಳೆದುಕೊಂಡು ಬೆಳೆಯಲಾರದೆ ಹೋಗುವುವು. ದೊಡ್ಡ ಹರಳು ನಿಧಾನವಾಗಿ ಕರಗುವುದರಿಂದ ಮಿಡಿಯ ನೀರು ಕ್ರಮಕ್ರಮವಾಗಿ ಹೊರಬರುವುದು. ಈ ಒಂದು ಕೆಲಸದಲ್ಲಿ ಕಲ್ಲುಪ್ಪನ್ನು ಆರಿಸಿದ ಗೃಹಿಣಿಯರ ತೀರ್ಮಾನ ಒಪ್ಪತಕ್ಕದ್ದು.

ಒಂದು ಕಿಲೋಗ್ರಾಮಿನಲ್ಲಿ ಐವತ್ತು ಮಿಲಿಗ್ರಾಮ್

ಮೇಲೆ ಹೇಳಿದ ಭೇದಗಳೆಲ್ಲ ರುಚಿಗೂ ಅನುಕೂಲಕ್ಕೂ ಸೇರಿದವು. ಇನ್ನು ಹೇಳಬೇಕಾದದ್ದು ಕಣ್ಣಿಗೂ ನಾಲಿಗೆಗೂ ತಿಳಿಯದ ಭೇದ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ದಿನಕ್ಕೆ ೧೫೦ ಮೈಕ್ರೋಗ್ರಾಮ್ ಅಯೊಡೀನ್ ಬೇಕು; ಗರ್ಭಿಣಿಗೆ ೨೫೦. ಅಷ್ಟು ದೊರೆಯದಿದ್ದರೆ ಗ್ರಂಥಿ ಊದಿಕೊಂಡು ಗಳಗಂಡವಾಗುವುದು. ಅದಕ್ಕಿಂತ ಭೀಕರವಾದದ್ದು, ಗರ್ಭದಲ್ಲಿರುವ ಶಿಶುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗುವುದು. ಸಹಸ್ರಾರು ವರ್ಷಗಳ ಮಳೆಯಲ್ಲಿ ಬೆಟ್ಟದ ಇಳಿಜಾರುಗಳ ಮಣ್ಣಿನ ಅಯೊಡೀನ್ ತೊಳೆದುಹೋಗಿರುವುದರಿಂದ ಮಲೆನಾಡಿನ ಬೆಳೆಗಳಲ್ಲಿ ಅದು ಕಡಿಮೆ. ಸಮುದ್ರದ ಉಪ್ಪಿನಲ್ಲಿ ಅದು ಇರಬಹುದಲ್ಲವೆ ಎಂದು ಕೇಳಬಹುದು. ಸಮುದ್ರದ ನೀರಿನಲ್ಲಿರುವ ಅಲ್ಪಸ್ವಲ್ಪ ಅಯೊಡೀನ್ ಹರಳಿನೊಳಗೆ ಸೇರದೆ ಆ ಕಹಿನೀರಿನಲ್ಲಿಯೇ ಉಳಿದುಬಿಡುವುದು. ಕಲ್ಲುಪ್ಪಿನಲ್ಲಿಯೂ ಸೈಂಧವದಲ್ಲಿಯೂ, ಬೇರೆಯಾಗಿ ಬೆರೆಸದಿದ್ದರೆ, ಸಾಕಷ್ಟು ಅಯೊಡೀನ್ ಇಲ್ಲ.

೧೯೫೬ರಲ್ಲಿ ಹಿಮಾಚಲದ ಕಾಂಗಡಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿಯವರೂ ಅವರ ಸಹೋದ್ಯೋಗಿಗಳೂ ಒಂದು ಪ್ರಯೋಗವನ್ನು ಆರಂಭಿಸಿದರು. ಕಣಿವೆಯನ್ನು ಮೂರು ವಲಯಗಳಾಗಿ ಮಾಡಿ, ಎರಡಕ್ಕೆ ಅಯೊಡೀನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾಧಾರಣ ಉಪ್ಪನ್ನೂ ಒದಗಿಸಿದರು. ಐದಾರು ವರ್ಷಗಳಲ್ಲಿ ಅಯೊಡೀನ್ ದೊರೆತ ವಲಯಗಳ ಗಳಗಂಡ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯಿತು. ಸಾಧಾರಣ ಉಪ್ಪಿನ ವಲಯದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ೧೯೬೨ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಕೈಗೊಂಡಿತು. ಅಯೊಡೀನಿಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದರ ಮೇಲಿನ ನಿಷೇಧವನ್ನು ೨೦೦೦ದಲ್ಲಿ ಕೇಂದ್ರ ತೆಗೆದುಹಾಕಿ, ೨೦೦೬ರಲ್ಲಿ ಮತ್ತೆ ಜಾರಿಗೆ ತಂದಿತು.

ಬೆರೆಸುವುದು ಪೊಟ್ಯಾಸಿಯಂ ಅಯೊಡೇಟ್. ಅಯೊಡೈಡಿಗಿಂತ ಇದು ನಮ್ಮ ತೇವದ ಹವೆಯಲ್ಲಿ ಹೆಚ್ಚು ಕಾಲ ಉಳಿಯುವುದು. ತಯಾರಿಕೆಯ ಸ್ಥಳದಲ್ಲಿ ಕಿಲೋಗ್ರಾಮಿಗೆ ೩೦ ಮಿಲಿಗ್ರಾಮ್ ಅಯೊಡೀನ್ ಇರಬೇಕಾದರೆ ಅಯೊಡೇಟ್ ೫೦ ಮಿಲಿಗ್ರಾಮ್ ಸಾಕು, ಅಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಮನೆಯನ್ನು ತಲುಪುವಾಗ ಕನಿಷ್ಠ ೧೫ ಮಿಲಿಗ್ರಾಮ್ ಅಯೊಡೀನ್ ಉಳಿದಿರಬೇಕೆಂದು ನಿಯಮ. ಹತ್ತು ಗ್ರಾಮ್ ಉಪ್ಪು ತಿನ್ನುವವನಿಗೆ ಆಗ ೧೫೦ ಮೈಕ್ರೋಗ್ರಾಮ್ ದೊರೆಯುವುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಉಪ್ಪನ್ನು ೫ ಗ್ರಾಮಿನ ಒಳಗಿಳಿಸಿದವನಿಗೆ ೭೫ ಮಾತ್ರ. ಅಂಥವನ ಪೊಟ್ಟಣದಲ್ಲಿ ಅಯೊಡೀನ್ ಸೋರಿಹೋಗದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಬೇಕು. ಒಲೆಯ ಪಕ್ಕದ ಬಿಸಿಯಲ್ಲಿಯೂ ತೇವದಲ್ಲಿಯೂ ಇಡಬಾರದು. ಉಪ್ಪಿನ ಮರಿಗೆ ನೋಡಲು ಚೆಂದ, ಸೋರಿಹೋಗುವ ಕಹಿಗೂ ಒಳ್ಳೆಯದು. ಆದರೆ ಅಯೊಡೀಕರಿಸಿದ ಉಪ್ಪಿಗೆ ತಕ್ಕ ಪಾತ್ರೆಯಲ್ಲ. ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕುವುದು ಒಳ್ಳೆಯ ರೂಢಿ. ಈಗ ಅಯೊಡೀನ್ ಬೆರೆಸಿದ ಕಲ್ಲುಪ್ಪೂ ದೊರೆಯುತ್ತದೆ. ಕಲ್ಲುಪ್ಪೇ ಬೇಕೆನ್ನುವವರು ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳಲಿ. ಬಿಡಿಯಾಗಿ ಅಳೆದು ಕೊಡುವ ಉಪ್ಪನ್ನು ಉಪ್ಪಿನಕಾಯಿಗಷ್ಟೇ ಇಟ್ಟುಕೊಳ್ಳುವುದು ಮೇಲು.

ಕೊನೆಯದಾಗಿ, ಸೋಡಿಯಂ ಕಡಿಮೆಯಿರುವ ಉಪ್ಪು. ಇದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡನ್ನು ಸೇರಿಸಿರುತ್ತಾರೆ. ಅದೂ ಇದೇ ಚದುರಂಗದ ರಚನೆಯ ಘನಾಕೃತಿಯ ಹರಳು. ನಾಲಿಗೆಗೆ ಸ್ವಲ್ಪ ಕಹಿ. ಚೀನಾದ ಹಳ್ಳಿಗಳಲ್ಲಿ ಸುಮಾರು ೨೧,೦೦೦ ಜನರ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕನೆಯ ಒಂದು ಪಾಲು ಪೊಟ್ಯಾಸಿಯಂ ಲವಣವಿದ್ದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ನೂರಕ್ಕೆ ೧೪ರಷ್ಟು ಕಡಿಮೆಯಾಯಿತು. ೨೦೨೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಯಸ್ಕರಿಗೆ ಮನೆಯ ಬಳಕೆಗೆ ಇಂಥ ಉಪ್ಪನ್ನು ಸೂಚಿಸಿತು; ಗರ್ಭಿಣಿಯರನ್ನೂ ಮಕ್ಕಳನ್ನೂ ಮೂತ್ರಪಿಂಡದ ಕಾಯಿಲೆಯವರನ್ನೂ ಆ ಸೂಚನೆಯಿಂದ ಹೊರಗಿಟ್ಟಿತು. ದುರ್ಬಲವಾದ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತ ತಪ್ಪುವುದು. ಮನೆಯಲ್ಲಿ ಅಂಥ ರೋಗಿಯಿದ್ದರೆ, ಅಥವಾ ರಕ್ತದೊತ್ತಡಕ್ಕೆಂದು ನಿತ್ಯವೂ ಮಾತ್ರೆ ನುಂಗುವವರಿದ್ದರೆ, ವೈದ್ಯರನ್ನು ಕೇಳದೆ ಈ ಪೊಟ್ಟಣವನ್ನು ಒಡೆಯಬಾರದು.